ಸೌದೆ ಒಲೆಯಿಂದ ಕಾರ್ಬನ್ ಕ್ರೆಡಿಟ್‌ವರೆಗೆ: ಹವಾಮಾನ ಒಪ್ಪಂದಗಳ ಕರ್ನಾಟಕದ ಅಧ್ಯಾಯ

ಕಾರ್ಬನ್ ಮಾರುಕಟ್ಟೆ ಊರ ಸಂತೆಯ ಹಾಗೆ ತಾನಾಗಿ ಬೆಳೆದದ್ದಲ್ಲ. ಅಂತರರಾಷ್ಟ್ರೀಯ ಒಪ್ಪಂದಗಳ ಕಲಮುಗಳು ಅದನ್ನು ಹುಟ್ಟುಹಾಕಿದವು. ಅಲ್ಲಿ ಮಾರಾಟವಾಗುವ ಸರಕೆಂದರೆ ವಾತಾವರಣಕ್ಕೆ ಸೇರಬೇಕಿದ್ದು, ಸೇರದೆ ತಪ್ಪಿದ ಒಂದು ಟನ್ ಇಂಗಾಲದ ಡೈಆಕ್ಸೈಡ್. ಅದನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು, ಲೆಕ್ಕದಿಂದಲೇ ಅಳೆಯಬೇಕು. ಲೆಕ್ಕದ ನಿಯಮವನ್ನು ಬರೆಯುವವರು ಸಂಧಾನದ ಮೇಜಿನ ಸುತ್ತ ಕೂತ ಸರ್ಕಾರಗಳು. ಹೀಗಾಗಿ ಬಾನ್, ಕ್ಯೋಟೊ, ಪ್ಯಾರಿಸ್‌ಗಳಲ್ಲಿ ಒಂದು ವಾಕ್ಯ ಬದಲಾದರೆ ಬಾಗೇಪಲ್ಲಿಯ ಅಡುಗೆಮನೆಯ ಆದಾಯವೂ ಬದಲಾಗುತ್ತದೆ. ಕರ್ನಾಟಕದಲ್ಲಿ ಈ ಮಾರುಕಟ್ಟೆ ಕಂಡ ಏಳುಬೀಳುಗಳ ಇತಿಹಾಸ ಬಹುಮಟ್ಟಿಗೆ ಈ ಅವಲಂಬನೆಯ ಇತಿಹಾಸವೇ ಆಗಿದೆ.

ಒಪ್ಪಂದಗಳ ಹಿನ್ನೆಲೆ

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಚೌಕಟ್ಟು ಒಡಂಬಡಿಕೆಗೆ 1992ರಲ್ಲಿ ರಿಯೊ ಡಿ ಜನೈರೊ ಭೂಶೃಂಗಸಭೆಯಲ್ಲಿ ಸಹಿ ಬಿತ್ತು. 1994ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಹೊಣೆ ಎಲ್ಲ ದೇಶಗಳದೂ ಹೌದು, ಆದರೆ ಎಲ್ಲರದೂ ಒಂದೇ ಪ್ರಮಾಣದ್ದಲ್ಲ ಎಂಬ ತತ್ವ ಅದರ ಬುನಾದಿ. ಶತಮಾನಕ್ಕೂ ಮಿಕ್ಕಿ ಕಲ್ಲಿದ್ದಲು, ತೈಲ ಉರಿಸಿದ ಶ್ರೀಮಂತ ದೇಶಗಳು ಮೊದಲು ಹೊಗೆ ತಗ್ಗಿಸಬೇಕೆಂದು ಭಾರತ ಆರಂಭದಿಂದಲೂ ವಾದಿಸುತ್ತ ಬಂದಿದೆ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಾದಕ್ಕೆ ಅಂಕಿಅಂಶಗಳ ಬಲ ಕೊಟ್ಟಿತು. ಬಡವರು ಬದುಕಲು ಬಿಡುವ ಹೊಗೆಯನ್ನೂ ಉಳ್ಳವರು ಭೋಗಕ್ಕೆ ಬಿಡುವ ಹೊಗೆಯನ್ನೂ ಒಂದೇ ಅಳತೆಗೋಲಿನಿಂದ ಅಳೆಯಬಾರದೆಂಬುದು ಅದರ ಸಾರ.

1997ರ ಡಿಸೆಂಬರ್‌ನಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಆದ ಒಪ್ಪಂದ ಕೈಗಾರಿಕಾ ದೇಶಗಳಿಗೆ ಹೊಗೆಯ ಮಿತಿ ಹಾಕಿತು. ಮಿತಿ ಮೀರಿದ ದೇಶಗಳಿಗೆ ದಂಡ ವಿಧಿಸಿ, ಆ ಹಣದಿಂದ ಬಡ ದೇಶಗಳಿಗೆ ನೆರವಾಗುವ ನಿಧಿಯನ್ನು ಬ್ರೆಜಿಲ್ ಸೂಚಿಸಿತ್ತು. ಮಾತುಕತೆಯ ಕೊನೆಯ ಹಂತದಲ್ಲಿ ಆ ಸಲಹೆ ರೂಪ ಬದಲಿಸಿಕೊಂಡು ಶುದ್ಧ ಅಭಿವೃದ್ಧಿ ವ್ಯವಸ್ಥೆ, ಅಂದರೆ ಸಿಡಿಎಂ ಆಯಿತು. ದಂಡದ ಜಾಗದಲ್ಲಿ ವ್ಯಾಪಾರ ಬಂತು. ಅಭಿವೃದ್ಧಿಶೀಲ ದೇಶದಲ್ಲಿ ಹೊಗೆ ತಗ್ಗಿಸುವ ಯೋಜನೆ ನಡೆದರೆ, ತಗ್ಗಿದ ಪ್ರತಿ ಟನ್ನಿಗೆ ಒಂದು ಕ್ರೆಡಿಟ್. ಅದನ್ನು ಕೊಂಡ ಶ್ರೀಮಂತ ದೇಶ ಅಥವಾ ಕಂಪನಿ ತನ್ನ ಲೆಕ್ಕದಲ್ಲಿ ಅಷ್ಟು ಟನ್ ಕಳೆಯಬಹುದಿತ್ತು. ಭಾರತ 2002ರ ಆಗಸ್ಟ್‌ನಲ್ಲಿ ಕ್ಯೋಟೊ ಒಪ್ಪಂದಕ್ಕೆ ಸೇರಿತು. ಅದೇ ವರ್ಷ ಎಂಟನೆಯ ಹವಾಮಾನ ಸಮ್ಮೇಳನ ನವದೆಹಲಿಯಲ್ಲೇ ನಡೆಯಿತು. ಅಮೆರಿಕ 2001ರಲ್ಲಿ ಹಿಂದೆ ಸರಿದಿದ್ದರಿಂದ ತೂಗುಯ್ಯಾಲೆಯಲ್ಲಿದ್ದ ಒಪ್ಪಂದ, ರಷ್ಯಾ ಅನುಮೋದಿಸಿದ ಮೇಲೆ 2005ರ ಫೆಬ್ರುವರಿ 16ರಂದು ಜಾರಿಗೆ ಬಂತು. ಐರೋಪ್ಯ ಒಕ್ಕೂಟ ತನ್ನ ಕಾರ್ಖಾನೆಗಳಿಗೆ ಹೊಗೆಯ ಮಿತಿ ಹಾಕಿ ವ್ಯಾಪಾರ ಆರಂಭಿಸಿದ್ದೂ 2005ರಲ್ಲೇ. ಹೀಗೆ ಸರಕಿಗೆ ಕೊಳ್ಳುವವರು ದೊರೆತರು.

ಕರ್ನಾಟಕದ ಪೂರ್ವಸಿದ್ಧತೆ

ಕಾರ್ಬನ್ ಎಂಬ ಮಾತು ಮಾರುಕಟ್ಟೆಗೆ ಬರುವ ಮೊದಲೇ ಕರ್ನಾಟಕದಲ್ಲಿ ಒಲೆ, ಸೌದೆ, ಸಗಣಿಗಳ ಬಗ್ಗೆ ಗಂಭೀರ ಅಧ್ಯಯನ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನೇ ಗುರಿಯಾಗಿಟ್ಟುಕೊಂಡಿತು. ಕಡಿಮೆ ಸೌದೆಯಲ್ಲಿ ಬೇಯಿಸುವ, ಹೊಗೆಕೊಳವೆಯುಳ್ಳ ‘ಅಸ್ತ್ರ ಒಲೆ’ ಅಲ್ಲಿಂದ ಬಂತು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರ ದನಗಳ ಸಗಣಿಯನ್ನು ಒಟ್ಟುಗೂಡಿಸಿ ಅನಿಲ ತಯಾರಿಸಿ, ಅದರಿಂದ ಎಂಜಿನ್ ಓಡಿಸಿ ಮನೆಗಳಿಗೆ ಕೊಳಾಯಿ ನೀರು, ವಿದ್ಯುತ್ ದೀಪ ಕೊಟ್ಟ ಪ್ರಯೋಗ 1987ರಿಂದ ಸುಮಾರು ಒಂದು ದಶಕ ನಡೆಯಿತು. ಸಗಣಿ ತಂದುಕೊಟ್ಟ ಮನೆಗೆ ಹಣವೂ ಬಗ್ಗಡದ ಗೊಬ್ಬರವೂ ಸಿಗುತ್ತಿತ್ತು. ಅಸ್ತ್ರದಲ್ಲೇ ಬೆಳೆದ ಎನ್.ಎಚ್. ರವೀಂದ್ರನಾಥ್ ಮುಂದೆ ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿಯ ವರದಿಗಳ ಲೇಖಕರಲ್ಲಿ ಒಬ್ಬರಾದರು. ಕಾಡು ಮತ್ತು ಜೀವರಾಶಿಯಲ್ಲಿ ಇಂಗಾಲ ಎಷ್ಟಿದೆ ಎಂದು ಲೆಕ್ಕ ಹಾಕುವುದು ಅವರ ಪರಿಣತಿ.

ಹವಾಮಾನ ಒಡಂಬಡಿಕೆಯ ಹಣ ಕರ್ನಾಟಕದ ಹಳ್ಳಿಗಳಿಗೆ ಬಂದದ್ದು ಅನುದಾನದ ರೂಪದಲ್ಲೂ ಉಂಟು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆ ಮತ್ತು ವಿಜ್ಞಾನ ಸಂಸ್ಥೆ ಸೇರಿ ನಡೆಸಿದ ಜೈವಿಕ ಇಂಧನ ಯೋಜನೆಗೆ ಜಾಗತಿಕ ಪರಿಸರ ನಿಧಿ ನೆರವು ನೀಡಿತು. ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ ಸೌದೆ ತುಂಡುಗಳಿಂದ ಅನಿಲ ತೆಗೆದು ವಿದ್ಯುತ್ ತಯಾರಿಸಿ ಗ್ರಿಡ್‌ಗೆ ಕೊಡುವ ಘಟಕ ತಲೆಯೆತ್ತಿತು. ಅನುದಾನ ಮುಗಿಯುವ ಹಣ. ಹಾಗಾಗಿ ಹೊಗೆ ತಗ್ಗಿಸಿದ್ದಕ್ಕೇ ವರ್ಷವರ್ಷವೂ ಹಣ ಬರುವ ಸಿಡಿಎಂ ದಾರಿ ಅನೇಕ ಸಂಸ್ಥೆಗಳನ್ನು ಸೆಳೆಯಿತು.

ಬಾಗೇಪಲ್ಲಿಯ ಗೋಬರ್ ಗ್ಯಾಸ್

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ, ಆಂಧ್ರದ ಗಡಿಗೆ ತಾಗಿಕೊಂಡು ಬಾಗೇಪಲ್ಲಿ ಇದೆ. ಮಳೆ ನಂಬಿ ಕಡಲೆಕಾಯಿ, ರಾಗಿ ಬೆಳೆಯುವ ಬರಪೀಡಿತ ಸೀಮೆ. ಇಲ್ಲಿ 1977ರಲ್ಲಿ ಆರಂಭವಾದ ಅಡಾಟ್ಸ್ ಎಂಬ ಸ್ವಯಂಸೇವಾ ಸಂಸ್ಥೆ ಸಣ್ಣ ರೈತರನ್ನೂ ಕೂಲಿಕಾರರನ್ನೂ ಸಂಘಟಿಸಿತು. ಅವರದೇ ಸಂಘಟನೆಯಾಗಿ ಬಾಗೇಪಲ್ಲಿ ಕೂಲಿ ಸಂಘ ರೂಪುಗೊಂಡಿತು. ಬಾಗೇಪಲ್ಲಿ, ಗುಡಿಬಂಡೆ, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳು ಆಗ ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ.

ಈ ಐದು ತಾಲ್ಲೂಕುಗಳಲ್ಲಿ 5,500 ಮನೆಗಳಿಗೆ ತಲಾ ಎರಡು ಘನ ಮೀಟರ್ ಸಾಮರ್ಥ್ಯದ ಗೋಬರ್ ಗ್ಯಾಸ್ ಘಟಕ ಕಟ್ಟುವ ಯೋಜನೆಯನ್ನು ಕೂಲಿ ಸಂಘದ ಹೆಸರಿನಲ್ಲೇ ಸಿಡಿಎಂಗೆ ಒಯ್ಯಲಾಯಿತು. 2005ರ ಡಿಸೆಂಬರ್‌ನಲ್ಲಿ ಅದು ನೋಂದಣಿಯಾಯಿತು. ಇಂಥ ಒಂದು ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೊ ಸಗಣಿ, ಅಷ್ಟೇ ನೀರು ಬೇಕು. ನೆಲದಡಿಯ ಇಟ್ಟಿಗೆ ಗುಮ್ಮಟದಲ್ಲಿ ಗಾಳಿಯಾಡದೆ ಕೊಳೆಯುವ ಸಗಣಿಯಿಂದ ಮೀಥೇನ್ ಹೊರಟು, ಕೊಳವೆಯ ಮೂಲಕ ಒಲೆಗೆ ಬರುತ್ತದೆ. ಬಗ್ಗಡ ಹೊಲಕ್ಕೆ ಹೋಗುತ್ತದೆ. ಸೌದೆ ಮತ್ತು ಸೀಮೆಎಣ್ಣೆ ಉಳಿತಾಯದಿಂದ ಒಂದು ಮನೆಗೆ ವರ್ಷಕ್ಕೆ ಸುಮಾರು ಮೂರೂವರೆ ಟನ್, ಒಟ್ಟು ಯೋಜನೆಗೆ ಹತ್ತೊಂಬತ್ತು ಸಾವಿರ ಟನ್‌ಗೂ ಮೀರಿದ ಕಡಿತ ಎಂದು ಲೆಕ್ಕ ಹಾಕಲಾಗಿತ್ತು.

ಈ ಲೆಕ್ಕದ ಒಳಗೆ ಒಂದು ಸೂಕ್ಷ್ಮವಿತ್ತು. ಕಡಿದಷ್ಟು ಮರ ಮತ್ತೆ ಬೆಳೆಯುವಲ್ಲಿ ಸೌದೆ ಉರಿಸಿದರೆ ವಾತಾವರಣದ ಇಂಗಾಲ ಹೆಚ್ಚುವುದಿಲ್ಲ. ಬೆಳೆಯುವುದಕ್ಕಿಂತ ಹೆಚ್ಚು ಕಡಿದಾಗ ಮಾತ್ರ ಹೆಚ್ಚುತ್ತದೆ. ಆದ್ದರಿಂದ ಉಳಿಸಿದ ಸೌದೆಯಲ್ಲಿ ಎಷ್ಟು ಪಾಲು ಮರಳಿ ಬೆಳೆಯದ ಸೌದೆ ಎಂದು ತೋರಿಸಬೇಕು. ಗುಡ್ಡಗಳು ಬೋಳಾಗಿದ್ದ ಬಾಗೇಪಲ್ಲಿ ಸೀಮೆಯಲ್ಲಿ ಇದನ್ನು ವಾದಿಸುವುದು ಕಷ್ಟವಿರಲಿಲ್ಲ. ಆದರೆ ಕಾಡು ಕಡಿಯದೆ ಉಳಿಸಿದ್ದಕ್ಕೆ ಸಿಡಿಎಂನಲ್ಲಿ ಕ್ರೆಡಿಟ್ ಕೊಡಬಾರದೆಂದು ಸಂಧಾನಗಳಲ್ಲಿ ತೀರ್ಮಾನವಾಗಿತ್ತು. ಸೌದೆ ಉಳಿತಾಯ ಹಿಂಬಾಗಿಲಿನಿಂದ ಅದನ್ನೇ ಒಳತರುತ್ತದೆಂಬ ಆಕ್ಷೇಪ ಎದ್ದು, 2005ರ ಕೊನೆಯ ಹೊತ್ತಿಗೆ ಸಿಡಿಎಂ ಮಂಡಳಿ ಈ ಬಗೆಯ ಲೆಕ್ಕದ ವಿಧಾನವನ್ನು ಕೈಬಿಟ್ಟಿತು. ಬಾಗೇಪಲ್ಲಿ ಯೋಜನೆ ಅಷ್ಟರಲ್ಲಿ ಒಳಗೆ ಬಂದಿತ್ತು. ಅದರ ಹಿಂದೆ ಬರಬೇಕಿದ್ದ ಒಲೆ ಮತ್ತು ಬಯೋಗ್ಯಾಸ್ ಯೋಜನೆಗಳು ಹೊರಗುಳಿದವು. ಹೊಸ ವಿಧಾನಕ್ಕೆ ಒಪ್ಪಿಗೆ ಸಿಕ್ಕಿದ್ದು 2008ರ ಆರಂಭದಲ್ಲಿ. ನಡುವಿನ ಎರಡು ವರ್ಷಗಳಲ್ಲಿ ಕ್ರೆಡಿಟ್ ಬೆಲೆ ಏರುತ್ತಿತ್ತು; ಆ ಏರಿಕೆಯ ಲಾಭ ಬಡವರ ಅಡುಗೆಮನೆಗಳಿಗೆ ತಲುಪಲಿಲ್ಲ.

ಕಟ್ಟುವ ಹಣದ ಪ್ರಶ್ನೆ ಬೇರೆ. ಕ್ರೆಡಿಟ್ ಕೈಗೆ ಬರುವುದು ಹೊಗೆ ತಗ್ಗಿದ ಮೇಲೆ, ಅದೂ ತಪಾಸಕರು ಬಂದು ಪರಿಶೀಲಿಸಿದ ಮೇಲೆ. ಇಟ್ಟಿಗೆ, ಸಿಮೆಂಟು, ಮೇಸ್ತ್ರಿ ಕೂಲಿಗೆ ಮಾತ್ರ ಹಣ ಮೊದಲೇ ಬೇಕು. ಮುಂದೆ ಬರುವ ಕ್ರೆಡಿಟ್‌ಗಳನ್ನು ತೋರಿಸಿ ವಿದೇಶಿ ಖರೀದಿದಾರರಿಂದ ಮುಂಗಡ ತರುವುದೊಂದೇ ಉಪಾಯವಾಗಿತ್ತು. ಬರ ಬಂದು ಮನೆಯವರು ಹಸು ಮಾರಿದರೆ ಘಟಕ ನಿಲ್ಲುತ್ತದೆ, ಕ್ರೆಡಿಟ್ ಕೂಡ ನಿಲ್ಲುತ್ತದೆ. ಆದ್ದರಿಂದ ಯಾವ ಮನೆಯ ಒಲೆ ಎಷ್ಟು ದಿನ ಉರಿಯಿತು ಎಂಬ ದಾಖಲೆಯನ್ನು ಹಳ್ಳಿಯ ಕಾರ್ಯಕರ್ತರೇ ಇಡಬೇಕಾಯಿತು. ಸಂಘದ ಕಟ್ಟು ಮೊದಲೇ ಗಟ್ಟಿಯಾಗಿದ್ದ ಕಡೆ ಈ ಕೆಲಸ ನಡೆಯಿತು. ಮುಂದೆ ಇಂಥ ಸಂಸ್ಥೆಗಳನ್ನು ಸೇರಿಸಿ ಫೇರ್ ಕ್ಲೈಮೇಟ್ ನೆಟ್‌ವರ್ಕ್ ಎಂಬ ಒಕ್ಕೂಟವೂ ಬಾಗೇಪಲ್ಲಿಯಿಂದಲೇ ಹುಟ್ಟಿತು. ನೆರೆಯ ಕೋಲಾರದಲ್ಲಿ ಬಯೋಗ್ಯಾಸ್ ಜೊತೆಗೆ ಎರೆಗೊಬ್ಬರದ ತೊಟ್ಟಿಯನ್ನೂ ಕಟ್ಟಿಸುತ್ತಿದ್ದ ಎಸ್‌ಕೆಜಿ ಸಂಘ 2007ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಪಡೆಯಿತು.

ಕಾರ್ಖಾನೆ, ಗಾಳಿ, ಕಬ್ಬಿನ ಸೋಗೆ

ಕ್ರೆಡಿಟ್‌ಗಳ ದೊಡ್ಡ ರಾಶಿ ಬಂದದ್ದು ಅಡುಗೆಮನೆಗಳಿಂದಲ್ಲ. ಭಾರತದಲ್ಲಿ ಮೊದಲು ನೋಂದಣಿಯಾದದ್ದು ಗುಜರಾತಿನ ರಾಸಾಯನಿಕ ಕಾರ್ಖಾನೆಯೊಂದರ ಯೋಜನೆ, 2005ರ ಮಾರ್ಚ್‌ನಲ್ಲಿ. ಶೈತ್ಯಕ ತಯಾರಿಕೆಯಲ್ಲಿ ಉಪ ಉತ್ಪನ್ನವಾಗಿ ಬರುವ ಎಚ್‌ಎಫ್‌ಸಿ-23 ಅನಿಲ, ಆಗಿನ ಲೆಕ್ಕದಂತೆ, ಇಂಗಾಲದ ಡೈಆಕ್ಸೈಡ್‌ಗಿಂತ 11,700 ಪಟ್ಟು ಶಾಖ ಹಿಡಿದಿಡುತ್ತದೆ. ಅದನ್ನು ಸುಟ್ಟುಹಾಕಿದ್ದಕ್ಕೆ ಆ ಒಂದೇ ಕಾರ್ಖಾನೆಗೆ ವರ್ಷಕ್ಕೆ ಸುಮಾರು 30 ಲಕ್ಷ ಕ್ರೆಡಿಟ್‌ಗಳ ಅಂದಾಜಿತ್ತು. ಬಾಗೇಪಲ್ಲಿಯ 5,500 ಮನೆಗಳು ನೂರೈವತ್ತು ವರ್ಷ ಅಡುಗೆ ಮಾಡಿದರೆ ಸಿಗುವಷ್ಟು ಅದು. ಅಗ್ಗದ ಟನ್ ಎಲ್ಲಿದೆಯೋ ಹಣ ಅಲ್ಲಿಗೆ ಹರಿಯುತ್ತದೆ. ಮಾರುಕಟ್ಟೆ ಟನ್ನನ್ನು ಎಣಿಸುತ್ತದೆ, ಅದರಿಂದ ಯಾರಿಗೆ ಏನು ಒಳಿತಾಯಿತೆಂದು ಎಣಿಸುವುದಿಲ್ಲ.

ಕರ್ನಾಟಕದಲ್ಲಿ ಇಂಥ ರಾಸಾಯನಿಕ ಯೋಜನೆಗಳ ಬದಲು ವಿದ್ಯುತ್ ಯೋಜನೆಗಳು ಮುಂದೆ ಬಂದವು. ಬಳ್ಳಾರಿ ಸೀಮೆಯ ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆ ಕುಲುಮೆಗಳಿಂದ ಹೊರಬರುವ ಅನಿಲವನ್ನು ಉರಿಸಿ ವಿದ್ಯುತ್ ತಯಾರಿಸಿದ್ದಕ್ಕೆ ಕ್ರೆಡಿಟ್ ಪಡೆಯಿತು. ಚಿತ್ರದುರ್ಗ, ಗದಗ ಸುತ್ತಿನ ಗುಡ್ಡಗಳ ಗಾಳಿಯಂತ್ರಗಳು, ನದಿ ನಾಲೆಗಳ ಮೇಲಿನ ಕಿರು ಜಲವಿದ್ಯುತ್ ಘಟಕಗಳು ಸಾಲುಸಾಲಾಗಿ ನೋಂದಣಿಯಾದವು. ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲಿ ಕಬ್ಬಿನ ಸೋಗೆ, ತೆಂಗಿನ ಗರಿಯಂಥ ಹಗುರ ತ್ಯಾಜ್ಯವನ್ನು ಉರಿಸುವ 4.5 ಮೆಗಾವಾಟ್ ವಿದ್ಯುತ್ ಘಟಕ 2001ರಲ್ಲೇ ಆರಂಭವಾಗಿ, ಮುಂದೆ ಸಿಡಿಎಂಗೆ ಸೇರಿತು. ಗದ್ದೆಯಲ್ಲೇ ಸುಟ್ಟುಹೋಗುತ್ತಿದ್ದ ಸೋಗೆಗೆ ಅದರಿಂದ ಬೆಲೆ ಬಂತು.

ಇವೆಲ್ಲದರ ಲೆಕ್ಕ ನಿಂತದ್ದು ಗ್ರಿಡ್ ಮೇಲೆ. ಗಾಳಿಯಿಂದ ಬಂದ ವಿದ್ಯುತ್ ಅಷ್ಟೇ ಪ್ರಮಾಣದ ಕಲ್ಲಿದ್ದಲು ವಿದ್ಯುತ್ತನ್ನು ತಪ್ಪಿಸಿತೆಂದು ಭಾವಿಸಲಾಗುತ್ತದೆ. ದಕ್ಷಿಣ ಗ್ರಿಡ್‌ನಲ್ಲಿ ಒಂದು ಮೆಗಾವಾಟ್-ಗಂಟೆಗೆ ಈ ಅಂದಾಜು ಒಂದು ಟನ್ನಿಗೆ ತುಸು ಕಡಿಮೆ ಇತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2006ರಿಂದ ಈ ಅಂಕಿಗಳನ್ನು ಪ್ರಕಟಿಸತೊಡಗಿತು. ಆದರೆ ಕ್ರೆಡಿಟ್ ಹಣ ಇರದಿದ್ದರೆ ಯೋಜನೆ ಆಗುತ್ತಲೇ ಇರಲಿಲ್ಲ ಎಂದು ಸಾಬೀತುಪಡಿಸಬೇಕೆಂಬುದು ಸಿಡಿಎಂನ ಮೂಲ ಷರತ್ತು. ತೆರಿಗೆ ರಿಯಾಯಿತಿ, ನಿಗದಿತ ಖರೀದಿ ದರಗಳಿದ್ದ ಗಾಳಿ ವಿದ್ಯುತ್ತಿಗೆ ಈ ಷರತ್ತು ನಿಜಕ್ಕೂ ಹೊಂದುತ್ತದೆಯೇ ಎಂಬ ಟೀಕೆ ಕೊನೆಯವರೆಗೂ ತಪ್ಪಲಿಲ್ಲ.

ಬೆಂಗಳೂರಿನ ಬಲ್ಬು

ಬೆಂಗಳೂರಿನ ಜೀವನ್ ಬಿಮಾ ನಗರ, ಇಂದಿರಾನಗರ, ಹಲಸೂರುಗಳಂಥ ನಗರ ಭಾಗಗಳಿಗೆ ಕ್ರೆಡಿಟ್ ವ್ಯಾಪಾರ ತಾಗಬಹುದಾಗಿದ್ದದ್ದು ವಿದ್ಯುತ್ ದೀಪದ ಮೂಲಕ. ಹಳೆಯ ಬುರುಡೆ ಬಲ್ಬಿನ ಬದಲು ಸಿಎಫ್‌ಎಲ್ ಕೊಂಡು, ಬೆಲೆಯನ್ನು ವಿದ್ಯುತ್ ಬಿಲ್ಲಿನ ಜೊತೆ ಕಂತುಗಳಲ್ಲಿ ತೀರಿಸುವ ಯೋಜನೆಯನ್ನು ನಗರದ ವಿದ್ಯುತ್ ಕಂಪನಿ ಬೆಸ್ಕಾಂ 2004ರ ಕೊನೆಯಲ್ಲಿ ಆರಂಭಿಸಿತು. ಅದರಲ್ಲಿ ಕಾರ್ಬನ್ ಹಣವಿರಲಿಲ್ಲ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ ರೂಪಿಸಿದ ಬಚತ್ ಲ್ಯಾಂಪ್ ಯೋಜನೆ ಮಾತ್ರ ಪೂರ್ತಿ ಕಾರ್ಬನ್ ಹಣವನ್ನೇ ನೆಚ್ಚಿತ್ತು: ಬುರುಡೆ ಬಲ್ಬು ಕೊಟ್ಟು 15 ರೂಪಾಯಿಗೆ ಸಿಎಫ್‌ಎಲ್ ಪಡೆಯುವುದು, ಉಳಿದ ಬೆಲೆಯನ್ನು ಹೂಡಿಕೆದಾರರು ಕ್ರೆಡಿಟ್ ಮಾರಿ ಗಳಿಸಿಕೊಳ್ಳುವುದು. 2010ರ ಏಪ್ರಿಲ್‌ನಲ್ಲಿ ಅದು ಸಿಡಿಎಂನಲ್ಲಿ ನೋಂದಣಿಯಾಗಿ, ಕೇರಳದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಿತು. ಕ್ರೆಡಿಟ್ ಬೆಲೆ ಕುಸಿದಾಗ ಹೂಡಿಕೆದಾರರು ಹಿಂದೆ ಸರಿದರು, ಯೋಜನೆ ನಿಂತಿತು.

ಮುಂದೆ ಬಂದ ಎಲ್‌ಇಡಿ ಯೋಜನೆ ಬೇರೆ ದಾರಿ ಹಿಡಿಯಿತು. ಸರ್ಕಾರಿ ಕಂಪನಿಯೊಂದು ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಿಗೆ ಕೊಂಡಿದ್ದರಿಂದ 2014ರ ಆರಂಭದಲ್ಲಿ 310 ರೂಪಾಯಿ ಇದ್ದ ಸಗಟು ದರ 2016ರ ಹೊತ್ತಿಗೆ 60 ರೂಪಾಯಿಗೂ ಕೆಳಗಿಳಿಯಿತು. ಕರ್ನಾಟಕದಲ್ಲಿ 2015ರ ಡಿಸೆಂಬರ್‌ನಲ್ಲಿ ‘ಹೊಸ ಬೆಳಕು’ ಹೆಸರಿನಲ್ಲಿ ಅದು ಮನೆಮನೆಗೆ ಬಂತು. ಕ್ರೆಡಿಟ್ ಮಾರಾಟವನ್ನು ನೆಚ್ಚದೆ, ಸಗಟು ಖರೀದಿಯ ಬಲದಿಂದಲೇ ಕೆಲಸವಾಯಿತು.

ಕುಸಿತ

2008ರ ನಡುವಿನಲ್ಲಿ ಒಂದು ಕ್ರೆಡಿಟ್ 20 ಯೂರೊಗೂ ಹೆಚ್ಚಿಗೆ ಮಾರಾಟವಾಗುತ್ತಿತ್ತು. ಆ ವರ್ಷದ ಹಣಕಾಸು ಬಿಕ್ಕಟ್ಟಿನಿಂದ ಐರೋಪ್ಯ ಕಾರ್ಖಾನೆಗಳ ಉತ್ಪಾದನೆ ತಗ್ಗಿತು, ಹೊಗೆ ತಗ್ಗಿತು, ಕ್ರೆಡಿಟ್‌ಗೆ ಬೇಡಿಕೆಯೂ ತಗ್ಗಿತು. 2009ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಕ್ಯೋಟೊ ನಂತರದ ಒಪ್ಪಂದ ಕೂಡಿಬರಲಿಲ್ಲ. ಅಲ್ಲಿ ಭಾರತದ ಪರವಾಗಿ ಮಾತುಕತೆ ನಡೆಸಿದ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. ಜಿಡಿಪಿಯ ಪ್ರತಿ ಘಟಕಕ್ಕೆ ಹೊರಬೀಳುವ ಹೊಗೆಯನ್ನು 2020ರೊಳಗೆ 2005ರ ಮಟ್ಟಕ್ಕಿಂತ ಶೇ 20ರಿಂದ 25ರಷ್ಟು ಇಳಿಸುವುದಾಗಿ ಭಾರತ ಆಗ ಸ್ವಇಚ್ಛೆಯಿಂದ ಘೋಷಿಸಿತು. 2012ರ ನಂತರ ನೋಂದಣಿಯಾಗುವ ಯೋಜನೆಗಳಲ್ಲಿ ತೀರ ಹಿಂದುಳಿದ ದೇಶಗಳವನ್ನು ಮಾತ್ರ ಒಪ್ಪುವುದಾಗಿ ಐರೋಪ್ಯ ಒಕ್ಕೂಟ ಹೇಳಿತು. 2013ರಿಂದ ಎಚ್‌ಎಫ್‌ಸಿ-23 ಕ್ರೆಡಿಟ್‌ಗಳನ್ನೂ ನಿಲ್ಲಿಸಿತು. 2012ರ ಕೊನೆಗೆ ಬೆಲೆ ಒಂದು ಯೂರೊಗೂ ಕೆಳಗಿಳಿಯಿತು. ತಪಾಸಕರ ಶುಲ್ಕವೂ ಹುಟ್ಟದಂಥ ಬೆಲೆ ಅದು.

ಸಣ್ಣ ಯೋಜನೆಗಳು ಆಗ ಸ್ವಯಂಪ್ರೇರಿತ ಮಾರುಕಟ್ಟೆಯತ್ತ ಹೊರಳಿದವು. ಅಲ್ಲಿ ಕೊಳ್ಳುವವರು ಕಾನೂನಿಗಾಗಿ ಅಲ್ಲ, ಹೆಸರಿಗಾಗಿ ಅಥವಾ ನೈತಿಕ ಹೊಣೆಗಾಗಿ ಕೊಳ್ಳುತ್ತಾರೆ. ಹೊಗೆಯಿಲ್ಲದ ಅಡುಗೆಮನೆಯ ಕ್ರೆಡಿಟ್‌ಗೆ ಹೆಚ್ಚು ಬೆಲೆ ಕೊಡುವವರೂ ಉಂಟು. ಬೆಂಗಳೂರಿನ ಇನ್ಫೊಸಿಸ್ 2020ರಲ್ಲಿ ತಾನು ಕಾರ್ಬನ್ ನ್ಯೂಟ್ರಲ್ ಆದೆನೆಂದು ಘೋಷಿಸಿದಾಗ, ಅದು ನೆಚ್ಚಿಕೊಂಡ ಯೋಜನೆಗಳಲ್ಲಿ ಹಳ್ಳಿಗಳ ಬಯೋಗ್ಯಾಸ್ ಮತ್ತು ಸುಧಾರಿತ ಒಲೆಗಳೂ ಇದ್ದವು.

ಪ್ಯಾರಿಸ್ ನಂತರ

2015ರ ಪ್ಯಾರಿಸ್ ಒಪ್ಪಂದ ಎಲ್ಲ ದೇಶಗಳಿಗೂ ಸ್ವಂತ ಗುರಿ ಇರಬೇಕೆಂದಿತು. ಭಾರತ ಅದನ್ನು 2016ರ ಅಕ್ಟೋಬರ್ 2ರಂದು ಅನುಮೋದಿಸಿತು. ಇದರಿಂದ ಕ್ರೆಡಿಟ್‌ನ ಅರ್ಥವೇ ಬದಲಾಯಿತು. ಕ್ಯೋಟೊ ಕಾಲದಲ್ಲಿ ಭಾರತಕ್ಕೆ ಮಿತಿ ಇರಲಿಲ್ಲ, ಆದ್ದರಿಂದ ಎಷ್ಟು ಮಾರಿದರೂ ನಷ್ಟವಿರಲಿಲ್ಲ. ಈಗ ಹೊರದೇಶಕ್ಕೆ ಮಾರಿದ ಟನ್ನನ್ನು ಭಾರತ ತನ್ನ ಗುರಿಯ ಲೆಕ್ಕದಲ್ಲಿ ತೋರಿಸಿಕೊಳ್ಳುವಂತಿಲ್ಲ. ಒಂದೇ ಟನ್ನನ್ನು ಇಬ್ಬರು ಎಣಿಸದಂತೆ ಮಾಡುವ ಈ ನಿಯಮ 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ನಿಗದಿಯಾಯಿತು; ಇಂಥ ವ್ಯಾಪಾರದ ಬಗ್ಗೆ ಹೇಳುವ ಪ್ಯಾರಿಸ್ ಒಪ್ಪಂದದ ಆರನೆಯ ಕಲಮಿನ ಉಳಿದ ವಿವರಗಳು 2024ರ ನವೆಂಬರ್‌ನಲ್ಲಿ ಬಾಕು ಸಮ್ಮೇಳನದಲ್ಲಿ ಪೂರ್ಣಗೊಂಡವು.

ದೇಶದೊಳಗೆ 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, 2023ರ ಜೂನ್‌ನಲ್ಲಿ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ ಹೊರಬಂತು. ಇಂಧನ ದಕ್ಷತಾ ಬ್ಯೂರೊ ಅದರ ಆಡಳಿತ ನೋಡಿಕೊಳ್ಳುತ್ತದೆ. 2025ರ ಅಕ್ಟೋಬರ್‌ನಲ್ಲಿ ಅಲ್ಯೂಮಿನಿಯಂ, ಸಿಮೆಂಟ್, ಕ್ಲೋರ್-ಅಲ್ಕಲಿ, ಕಾಗದ ಈ ನಾಲ್ಕು ವಲಯಗಳಿಗೆ ಹೊಗೆಯ ಗುರಿಗಳು ಪ್ರಕಟವಾದವು. ಕಲಬುರಗಿ ಜಿಲ್ಲೆಯ ವಾಡಿ, ಮಳಖೇಡಗಳ ಸಿಮೆಂಟ್, ದಾಂಡೇಲಿಯ ಕಾಗದ, ಬೆಳಗಾವಿಯ ಅಲ್ಯೂಮಿನಾ ಕರ್ನಾಟಕದಲ್ಲಿ ಹಳೆಯ ಉದ್ಯಮಗಳು. ಇನ್ನು ಮುಂದೆ ಇಂಥ ಉದ್ಯಮಗಳ ಲೆಕ್ಕಪತ್ರದಲ್ಲಿ ಹೊಗೆಯೂ ಒಂದು ಬಾಬತ್ತು. ಇದಲ್ಲದೆ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂನಂಥ ಆಮದು ಸರಕಿನ ಮೇಲೆ ಐರೋಪ್ಯ ಒಕ್ಕೂಟ ರೂಪಿಸಿದ ಗಡಿ ತೆರಿಗೆಯ ವರದಿ ಹಂತ 2023ರ ಅಕ್ಟೋಬರ್‌ನಲ್ಲಿ, ಪೂರ್ಣ ಹಂತ 2026ರ ಜನವರಿಯಲ್ಲಿ ಶುರುವಾಗಿದ್ದರಿಂದ, ತೋರಣಗಲ್ಲಿನಲ್ಲಿ ಉಕ್ಕು ಕರಗಿಸುವಾಗ ಎಷ್ಟು ಹೊಗೆ ಬಂತೆಂಬುದು ರಫ್ತಿನ ಪ್ರಶ್ನೆಯೂ ಆಗಿದೆ.

ಒಲೆಗಳ ಲೆಕ್ಕಕ್ಕೆ ಸಂಬಂಧಿಸಿದ ಹಳೆಯ ತಕರಾರು ಮಾತ್ರ ಮತ್ತೆ ಎದ್ದಿದೆ. ಮರಳಿ ಬೆಳೆಯದ ಸೌದೆಯ ಪಾಲನ್ನು ಉಬ್ಬಿಸಿ ತೋರಿಸಿದ್ದರಿಂದ, ಜಗತ್ತಿನ ಅನೇಕ ಒಲೆ ಯೋಜನೆಗಳು ನಿಜವಾಗಿ ತಗ್ಗಿಸಿದ್ದಕ್ಕಿಂತ ಹಲವು ಪಟ್ಟು ಹೆಚ್ಚು ಕ್ರೆಡಿಟ್ ಪಡೆದಿವೆ ಎಂದು 2024ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ಸಂಶೋಧಕರ ಅಧ್ಯಯನ ಹೇಳಿತು. 2016ರ ಉಜ್ವಲ ಯೋಜನೆಯ ನಂತರ ಹಳ್ಳಿಗಳಿಗೆ ಅಡುಗೆ ಅನಿಲದ ಸಿಲಿಂಡರ್ ಬಂದಿರುವಾಗ, ಬಯೋಗ್ಯಾಸ್ ಇರದಿದ್ದರೆ ಆ ಮನೆ ಸೌದೆಯನ್ನೇ ಉರಿಸುತ್ತಿತ್ತು ಎಂಬ ಊಹೆಯನ್ನೂ ಮತ್ತೆ ಪರೀಕ್ಷಿಸಬೇಕಾಗಿದೆ.

ಎರಡು ದಶಕಗಳ ಕರ್ನಾಟಕದ ಅನುಭವದಿಂದ ಕೆಲವು ಸಂಗತಿಗಳು ಸ್ಪಷ್ಟವಾಗಿವೆ. ಬರೀ ಕ್ರೆಡಿಟ್ ಬೆಲೆಯನ್ನು ನೆಚ್ಚಿದ ಬಲ್ಬಿನ ಯೋಜನೆ ಬೆಲೆಯ ಜೊತೆಗೇ ಬಿತ್ತು. ಒಲೆ, ಗೊಬ್ಬರ, ಸಂಘಟನೆ ಮೂರೂ ಇದ್ದ ಬಯೋಗ್ಯಾಸ್‌ಗೆ ಕ್ರೆಡಿಟ್ ಹಣ ಒಂದು ಆಸರೆಯಾಯಿತೇ ಹೊರತು ಅದೊಂದೇ ಬುನಾದಿಯಾಗಲಿಲ್ಲ. ಭಾರತದ ಹೊಸ ಕಾರ್ಬನ್ ಮಾರುಕಟ್ಟೆ ಕಾರ್ಖಾನೆಗಳನ್ನು ಶಿಸ್ತಿಗೆ ತರಬಲ್ಲುದು; ಸಣ್ಣ ರೈತರ ಮನೆಯ ಯೋಜನೆಗಳು ಅದರಲ್ಲಿ ನಿಲ್ಲಬೇಕಾದರೆ ಮುಂಗಡ ಹಣ, ಬೆಲೆಗೊಂದು ಕನಿಷ್ಠ ಮಿತಿ ಮತ್ತು ಉಬ್ಬಿಸದ ಲೆಕ್ಕ ಈ ಮೂರೂ ನಿಯಮದಲ್ಲೇ ಬರೆದಿರಬೇಕು.